ಬಾಯಿ ಕಟ್ಟಿದ ಗಂಟೆ

ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನಾನು ಹಿಂಜರಿದೆನು. ನಾನು ಕವಿಯಲ್ಲ, ಪಂಡಿತನೂ ಅಲ್ಲ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಉಕ್ಕಿಗೆ ಹದ ಕೊಡುವ ಕುಲುಮೆಗಳ ಉಷ್ಣನಿಯಂತ್ರಕಗಳನ್ನು ನೋಡಿಕೊಳ್ಳುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು. “ಹಾಗಾದರೆ ಅದನ್ನೇ ಬರೆಯಿರಿ. ನಮ್ಮ ಶಾಲೆಯ ಮಕ್ಕಳಿಗೆ ಯಂತ್ರದ ಮಾತು ಕನ್ನಡದಲ್ಲಿ ಓದಲು ಸಿಗುವುದು ಅಪರೂಪ” ಎಂದು ಅವರು ಒತ್ತಾಯಮಾಡಿದರು. ನಾನು ಒಪ್ಪಿಕೊಂಡೆನು. ಬರೆಯಲು ಕುಳಿತ ಮೇಲೆ, ಆ ಯಂತ್ರದ ವಿಷಯವನ್ನು ಸರಿಯಾಗಿ ಹೇಳಬೇಕಾದರೆ ನನ್ನದೊಂದು ತಪ್ಪನ್ನೂ ಹೇಳದೆ ವಿಧಿಯಿಲ್ಲವೆಂದು ಗೊತ್ತಾಯಿತು. ಆದ್ದರಿಂದ ಎರಡನ್ನೂ ಹೇಳುತ್ತೇನೆ.

ನಮ್ಮ ಭಾಷೆಯಲ್ಲಿ ‘ಹದ’ ಎಂಬುದೊಂದು ಒಳ್ಳೆಯ ಮಾತು. ನೆಲಕ್ಕೆ ಹದ, ಪಾಕಕ್ಕೆ ಹದ, ಮಾತಿಗೆ ಹದ, ಉಕ್ಕಿಗೂ ಹದ. ನಮ್ಮ ಕಾರ್ಖಾನೆಗೆ ಬರುತ್ತಿದ್ದ ಹಲ್ಲುಚಕ್ರಗಳನ್ನೂ ದಂಡಗಳನ್ನೂ ವಿದ್ಯುತ್ ಕುಲುಮೆಯಲ್ಲಿ 850 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಗೊತ್ತಾದ ಹೊತ್ತು ಆ ಬಿಸಿಯಲ್ಲೇ ಇಟ್ಟು, ಎಣ್ಣೆಯಲ್ಲಿ ಅದ್ದುತ್ತಿದ್ದೆವು. ಬಿಸಿ ಸಾಲದಿದ್ದರೆ ಉಕ್ಕು ಗಟ್ಟಿಯಾಗದು. ಹೆಚ್ಚಾದರೆ ಅದರ ಒಳಗಣ ಕಣಗಳು ದೊಡ್ಡವಾಗಿ ಉಕ್ಕು ಪೆಡಸಾಗುವುದು. ಹೊರಮೈ ಸುಟ್ಟು ಹೊಪ್ಪಳೆ ಏಳುವುದು. ಈ ಎರಡರ ನಡುವೆ ಕುಲುಮೆಯನ್ನು ನಿಲ್ಲಿಸುವುದೇ ಉಷ್ಣನಿಯಂತ್ರಕದ ಕೆಲಸ.

ಅದು ಹೇಗೆ ನಿಲ್ಲಿಸುತ್ತದೆ? ಇದನ್ನು ತಿಳಿಯಲು ಕಾರ್ಖಾನೆಗೆ ಹೋಗಬೇಕಾಗಿಲ್ಲ. ಸೌದೆಯ ಒಲೆಯ ಮುಂದೆ ಹಾಲು ಕಾಯಿಸುವ ತಾಯಿಯನ್ನು ನೋಡಿದರೆ ಸಾಕು. ಅನುಭವವಿಲ್ಲದ ಹುಡುಗಿ ಹಾಲು ಉಕ್ಕಿದೊಡನೆ ಸೌದೆಯನ್ನೆಲ್ಲ ಹೊರಕ್ಕೆಳೆಯುವಳು, ಇಳಿದೊಡನೆ ಎಲ್ಲವನ್ನೂ ಒಳಕ್ಕೆ ತಳ್ಳುವಳು. ಹಾಲು ಏರುತ್ತ ಇಳಿಯುತ್ತ ಇರುವುದೇ ಹೊರತು ಒಂದು ಕಡೆ ನಿಲ್ಲದು. ತಾಯಿ ಹಾಗೆ ಮಾಡುವುದಿಲ್ಲ. ಕಾಯಬೇಕಾದದ್ದು ಎಷ್ಟು ಉಳಿದಿದೆಯೋ ಅಷ್ಟಕ್ಕೆ ತಕ್ಕಂತೆ ಸೌದೆಯನ್ನು ಒಳಗಿಡುವಳು. ಹತ್ತಿರ ಬಂದಂತೆಲ್ಲ ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆಳೆಯುವಳು. ಇದು ಅನುಪಾತದ ಕ್ರಮ. ಎಷ್ಟು ಡಿಗ್ರಿಗಳ ಅಂತರದೊಳಗೆ ಈ ಹಿಂದಕ್ಕೆಳೆಯುವ ಕೆಲಸ ನಡೆಯಬೇಕೋ ಅದಕ್ಕೆ ಅನುಪಾತ ಪಟ್ಟಿ ಎಂದು ಹೆಸರು. ಇಷ್ಟರಿಂದಲೇ ಕೆಲಸ ಪೂರ್ತಿಯಾಗದು. ಬಿಸಿ ಗುರಿಗಿಂತ ತುಸು ಕೆಳಗೆಯೇ ನಿಂತುಬಿಡುವುದುಂಟು. “ಇಷ್ಟು ಹೊತ್ತಾದರೂ ಇನ್ನೂ ಸಾಲದಲ್ಲ” ಎಂದು ಉಳಿದ ಕೊರತೆಯನ್ನು ಹೊತ್ತಿನೊಡನೆ ಕೂಡಿಸಿಕೊಳ್ಳುತ್ತ ಇನ್ನೊಂದು ಚೂರು ಸೌದೆಯನ್ನು ಒಡ್ಡುವುದು ಅನುಕಲನದ ಕ್ರಮ. ಹಾಲು ಇನ್ನೂ ಕೆಳಗೇ ಇದ್ದರೂ ಅದು ಏರುವ ವೇಗವನ್ನು ಕಂಡು, ಉಕ್ಕುವುದಕ್ಕೆ ಮೊದಲೇ ಸೌದೆಯನ್ನು ಎಳೆಯುವುದು ಅವಕಲನದ ಕ್ರಮ. ಈಗಿನದನ್ನು ನೋಡುವುದು ಒಂದು, ಹಿಂದಿನದನ್ನು ನೆನೆಯುವುದು ಒಂದು, ಮುಂದಿನದನ್ನು ಊಹಿಸುವುದು ಒಂದು. ಮೂರೂ ಕೂಡಿದರೆ ನಿಯಂತ್ರಕ.

ಬಿಸಿಯಿಂದಲೇ ಬೆಂಕಿಯನ್ನು ಆಳುವ ಯೋಚನೆ ಹಳೆಯದು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್ ಎಂಬಾತನು ಮೊಟ್ಟೆ ಮರಿಮಾಡುವ ಪೆಟ್ಟಿಗೆಗೆ ಇಂಥ ಏರ್ಪಾಡನ್ನು ಮಾಡಿದ್ದನು. ಬಿಸಿಗೆ ಹಿಗ್ಗಿದ ದ್ರವವು ಗಾಳಿಯ ಕಂಡಿಯನ್ನು ಮುಚ್ಚುತ್ತಿತ್ತು, ಬೆಂಕಿ ತಾನಾಗಿ ತಗ್ಗುತ್ತಿತ್ತು. ನಮ್ಮ ಕುಲುಮೆಯಲ್ಲಿ ದ್ರವದ ಬದಲು ಎರಡು ತಂತಿಗಳಿದ್ದವು. ಬೇರೆ ಬೇರೆ ಲೋಹದ ಎರಡು ತಂತಿಗಳ ತುದಿಗಳನ್ನು ಬೆಸೆದು, ಬೆಸುಗೆಯನ್ನು ಬಿಸಿಯಲ್ಲಿಟ್ಟು ಮತ್ತೊಂದು ಕೊನೆಯನ್ನು ತಂಪಿನಲ್ಲಿಟ್ಟರೆ ಅಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಇದಕ್ಕೆ ಮೂಲವಾದ ಸಂಗತಿಯನ್ನು 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡನು. ಥರ್ಮೊಕಪಲ್ ಎಂದು ಇದರ ಹೆಸರು. ನಾವು ಬಳಸುತ್ತಿದ್ದ ಕ್ರೋಮೆಲ್-ಅಲ್ಯುಮೆಲ್ ಜೋಡಿಯಲ್ಲಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. 850 ಡಿಗ್ರಿಗೆ ಸುಮಾರು 35 ಮಿಲಿವೋಲ್ಟ್. ಇಷ್ಟು ಸಣ್ಣ ಸುದ್ದಿಯನ್ನು ನಂಬಿ ನಿಯಂತ್ರಕವು ಒಂದು ದೊಡ್ಡ ಕುಲುಮೆಯನ್ನು ಆಳುತ್ತದೆ. ಒಂದು ಮಾತನ್ನು ಇಲ್ಲಿಯೇ ಗಮನಿಸಿರಿ. ಥರ್ಮೊಕಪಲ್ಲು ಕುಲುಮೆಯ ಬಿಸಿಯನ್ನು ಹೇಳುವುದಿಲ್ಲ. ತನ್ನ ತುದಿಯ ಬಿಸಿಯನ್ನು ಹೇಳುತ್ತದೆ. ತಂತಿಗಳು ತುದಿಯನ್ನು ಬಿಟ್ಟು ನಡುವೆ ಎಲ್ಲಿಯಾದರೂ ಒಂದಕ್ಕೊಂದು ತಾಗಿದರೆ, ತಾಗಿದ ಜಾಗದ ಬಿಸಿಯನ್ನೇ ಹೇಳುತ್ತ ಕೂರುತ್ತದೆ.

ಮೇಲೆ ಹೇಳಿದ ಮೂರು ಕ್ರಮಗಳಲ್ಲಿ ಪ್ರತಿಯೊಂದೂ ಎಷ್ಟೆಷ್ಟಿರಬೇಕೆಂದು ಗೊತ್ತುಮಾಡುವುದಕ್ಕೆ ಇಂಗ್ಲಿಷಿನವರು ವಾದ್ಯಕ್ಕೆ ಹೇಳುವ ಮಾತನ್ನೇ ಹೇಳುತ್ತಾರೆ. ನಾನು ಅದನ್ನು ಶ್ರುತಿ ಕೂಡಿಸುವುದು ಎನ್ನುತ್ತೇನೆ. 1942ರಲ್ಲಿ ಅಮೆರಿಕದ ಜೀಗ್ಲರ್ ಮತ್ತು ನಿಕೋಲ್ಸ್ ಎಂಬಿಬ್ಬರು ಎಂಜಿನಿಯರುಗಳು ಇದಕ್ಕೊಂದು ಸುಲಭವಾದ ದಾರಿಯನ್ನು ಪ್ರಕಟಿಸಿದರು. ಅನುಕಲನವನ್ನೂ ಅವಕಲನವನ್ನೂ ತೆಗೆದುಹಾಕಿ ಅನುಪಾತ ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದು. ಅದನ್ನು ಸ್ವಲ್ಪಸ್ವಲ್ಪವಾಗಿ ಕಿರಿದು ಮಾಡುತ್ತ ಹೋದರೆ, ಒಂದು ಹಂತದಲ್ಲಿ ಬಿಸಿಯು ಹೆಚ್ಚದೆ ಕುಗ್ಗದೆ ಒಂದೇ ಸಮನಾಗಿ ತೂಗತೊಡಗುತ್ತದೆ. ಆಗಿನ ಪಟ್ಟಿ ಎಷ್ಟು, ಒಂದು ತೂಗಾಟಕ್ಕೆ ಎಷ್ಟು ಹೊತ್ತು ಎಂಬುದನ್ನು ಬರೆದುಕೊಳ್ಳತಕ್ಕದ್ದು. ನನ್ನ ಕುಲುಮೆ 24 ಡಿಗ್ರಿಯ ಪಟ್ಟಿಯಲ್ಲಿ ತೂಗಿತು; ಒಂದು ತೂಗಾಟಕ್ಕೆ 8 ನಿಮಿಷ ಹಿಡಿಯಿತು. ಅವರ ಸೂತ್ರದಂತೆ 24ನ್ನು 0.6ರಿಂದ ಭಾಗಿಸಿದರೆ ಪಟ್ಟಿ 40 ಡಿಗ್ರಿ. ಅನುಕಲನದ ಕಾಲ 8ರ ಅರ್ಧ, ಎಂದರೆ 4 ನಿಮಿಷ. ಅವಕಲನದ ಕಾಲ 8ರ ಎಂಟನೆಯ ಒಂದು ಪಾಲು, ಎಂದರೆ 1 ನಿಮಿಷ. ಈ ಲೆಕ್ಕದಲ್ಲಿ ಬಿಸಿಯು ಗುರಿಯನ್ನು ದಾಟಿ ಒಂದೆರಡು ಸಲ ತೂಗಿಯೇ ನಿಲ್ಲುವುದು. ಉಕ್ಕಿಗೆ ಆ ದಾಟುವಿಕೆ ಒಳ್ಳೆಯದಲ್ಲ. ಆದಕಾರಣ ನಾನು ಪಟ್ಟಿಯನ್ನು 60 ಡಿಗ್ರಿಗೆ ಅಗಲಿಸಿ, ಅನುಕಲನದ ಕಾಲವನ್ನೂ ಹೆಚ್ಚಿಸಿದೆನು. ಬರಿಯ ಕುಲುಮೆಯಲ್ಲಿ ಕೂಡಿಸಿದ ಶ್ರುತಿ ತುಂಬಿದ ಕುಲುಮೆಗೆ ಹೊಂದುವುದಿಲ್ಲ. ಅದಕ್ಕಾಗಿ ದಿನದ ಸರಕನ್ನು ತುಂಬಿ, ದುಡಿಯುವ ಬಿಸಿಯಲ್ಲಿಯೇ ಈ ಕೆಲಸವನ್ನು ಮಾಡಿದೆನು. ಇಂದಿನ ನಿಯಂತ್ರಕಗಳು ಗುಂಡಿ ಒತ್ತಿದರೆ ತಾವೇ ಶ್ರುತಿ ಕೂಡಿಸಿಕೊಳ್ಳುತ್ತವೆ. 1993ರಲ್ಲಿ ನಮ್ಮಲ್ಲಿದ್ದುದು ತಿರುಗಿಸುವ ಗುಬುಟುಗಳ ಹಳೆಯ ಯಂತ್ರ. ಮೂರು ದಿನಗಳ ಕೆಲಸದ ಮೇಲೆ ಮುಳ್ಳು 850ರಲ್ಲಿ ಬೆರಳಿಟ್ಟಂತೆ ನಿಂತಿತು. ಆಗ ನನಗೆ ಇಪ್ಪತ್ತಾರು ವರ್ಷ. ಮುಳ್ಳು ನಿಂತುದಕ್ಕಿಂತ ಹೆಚ್ಚಾಗಿ ನನ್ನ ತಲೆ ನಿಮಿರಿ ನಿಂತಿತು.

ಶ್ರುತಿಯ ಮೇಲೆ ಅಷ್ಟು ಶ್ರದ್ಧೆ ಇಟ್ಟವನು ಗಂಟೆಯ ಮೇಲೆ ಇಡಲಿಲ್ಲ. ಯಂತ್ರಕ್ಕೆ ಎರಡು ಎಚ್ಚರಿಕೆಗಳಿದ್ದವು. ಬಿಸಿ 870ನ್ನು ಮೀರಿದರೆ ಒಂದು. ಗುರಿಗಿಂತ 15 ಡಿಗ್ರಿ ಕೆಳಗಿಳಿದರೆ, ಎಂದರೆ 835ಕ್ಕೆ ಬಂದರೆ, ಮತ್ತೊಂದು. ಎರಡಕ್ಕೂ ಸೇರಿ ಒಂದೇ ಗಂಟೆ, ಒಂದೇ ಕೆಂಪು ದೀಪ. ಕುಲುಮೆಯ ಬಾಗಿಲು ತೆರೆದು ತಣ್ಣನೆಯ ಸರಕನ್ನು ಒಳಗಿಟ್ಟಾಗಲೆಲ್ಲ ಬಿಸಿ 835ರ ಕೆಳಗೆ ಇಳಿಯುವುದು ಸಹಜ. ಇಳಿದಾಗಲೆಲ್ಲ ಗಂಟೆ ಹೊಡೆಯುತ್ತಿತ್ತು. ಮತ್ತೆ ಏರಿ 835ರ ಅಂಚಿನಲ್ಲಿ ಮುಳ್ಳು ಅಲುಗಿದರೆ ನಿಂತು ನಿಂತು ಹೊಡೆಯುತ್ತಿತ್ತು. ಪಾಳಿಗೆ ನಾಲ್ಕು ಸಲ ಸರಕು, ನಾಲ್ಕು ಸಲವೂ ಅರ್ಧ ಗಂಟೆಯ ಗದ್ದಲ. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಒಂದು ದಿನ ನನಗೆ ತಲೆನೋವು ಬಂದಿತ್ತು. ಯಂತ್ರ ಒರೆಸುವ ಹತ್ತಿಯ ನೂಲನ್ನು ಹಿಡಿಯಷ್ಟು ತೆಗೆದುಕೊಂಡು, ಗಂಟೆಯ ಬಟ್ಟಲಿಗೂ ಬಡಿಗೆಗೂ ನಡುವೆ ತುರುಕಿದೆನು. ಗಂಟೆ ಗೊರಗೊರ ಎಂದು ಸುಮ್ಮನಾಯಿತು. ಕುಲುಮೆಯ ಮೇಸ್ತ್ರಿ ಅದನ್ನು ನೋಡಿದರು, ಏನೂ ಅನ್ನಲಿಲ್ಲ.

ಈ ಮೇಸ್ತ್ರಿಯ ವಿಷಯ ಎರಡು ಮಾತು ಹೇಳಬೇಕು. ಡೆಂಕಣಿಕೋಟೆಯ ಕಡೆಯ ಹಳ್ಳಿಯವರು, ವಂಶದಿಂದ ಕಮ್ಮಾರರು. ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ಓದು ಬರಹ ಅಷ್ಟಕ್ಕಷ್ಟೆ. ಪುಸ್ತಕದಲ್ಲಿ ಅಂಕಿಗಳನ್ನು ಬರೆಯುತ್ತಿದ್ದರು, ಷರಾ ಬರೆಯಬೇಕಾದರೆ ಬೇರೆಯವರ ಕೈಯಲ್ಲಿ ಬರೆಸುತ್ತಿದ್ದರು. ಕಾದ ಕಬ್ಬಿಣದ ಬಣ್ಣವನ್ನು ತಂದೆಯ ಕುಲುಮೆಯಲ್ಲಿ ತಿದಿಯೊತ್ತುತ್ತಲೇ ಕಲಿತವರು. ಆ ಕಣ್ಣು ಕಂಡದ್ದನ್ನು ನಾನು ಆಗ ವಿದ್ಯೆಯೆಂದು ಎಣಿಸಿರಲಿಲ್ಲ.

1993ರ ಮಳೆಗಾಲದ ಒಂದು ರಾತ್ರಿ. ಹಿಂದಿನ ಮಧ್ಯಾಹ್ನ ಹಳೆಯ ಥರ್ಮೊಕಪಲ್ಲನ್ನು ತೆಗೆದು ಹೊಸದನ್ನು ಹಾಕಿದವನು ನಾನೇ. ಅದು ಕುಲುಮೆಯ ಪಕ್ಕದ ಗೋಡೆಯ ಮೂಲಕ ಅಡ್ಡಲಾಗಿ ಒಳಹೋಗಿ, ತುದಿ ನಾಲ್ಕಂಗುಲದಷ್ಟು ಒಳಕ್ಕೆ ಚಾಚಿಕೊಂಡಿರಬೇಕು. ಹಿಡಿಕೆಯ ತಿರುಪನ್ನು ಬಿಗಿದೆನು. ಸಾಕಷ್ಟು ಬಿಗಿಯಲಿಲ್ಲವೆಂದು ಆಮೇಲೆ ತಿಳಿಯಿತು. ರಾತ್ರಿ ಹನ್ನೊಂದೂಕಾಲಿಗೆ ದೊಡ್ಡ ಸರಕೊಂದನ್ನು ಒಳಗಿಟ್ಟರು. ಸರಕಿನ ಬಂಡಿಯನ್ನು ಹಿಂದಕ್ಕೆಳೆಯುವಾಗ ಅದರ ಮೂಲೆ ಥರ್ಮೊಕಪಲ್ಲಿನ ತಂತಿಗೆ ಸಿಕ್ಕಿ ಎಳೆಯಿತು. ತುದಿ ಹಿಂದೆ ಸರಿದು ಗೋಡೆಯೊಳಗೆ ಅಡಗಿತು. ಯಾರಿಗೂ ಕಾಣಲಿಲ್ಲ.

ಹನ್ನೆರಡಕ್ಕೆ ಮುಳ್ಳು 790. ಹೊಸ ಸರಕು ಬಿದ್ದಿದೆ, ಇಳಿದಿದೆ, ಸಹಜವೇ. ಒಂದಕ್ಕೆ 806. ಮೇಸ್ತ್ರಿ ನನ್ನ ಮೇಜಿನ ಬಳಿಗೆ ಬಂದರು.

“ಸಾರ್, ಒಸಿ ಬಂದು ನೋಡಿ. ಬಣ್ಣ ತಿರುಗೈತೆ.”

ನಾನು ಎದ್ದು ಹೋಗಿ ಯಂತ್ರವನ್ನು ನೋಡಿದೆನು. “ಮುಳ್ಳು ಎಂಟುನೂರ ಆರು ತೋರಿಸುತ್ತಿದೆ ಮೇಸ್ತ್ರಿ. ಇನ್ನೂ ನಲವತ್ತ ನಾಲ್ಕು ಡಿಗ್ರಿ ಏರಬೇಕು” ಎಂದೆನು.

“ಮುಳ್ಳು ಅಂಗನ್ತದೆ. ಕಿಟಕಿಯಾಗೆ ಕಿತ್ತಳೆ ಹಣ್ಣಿನಂಗೈತೆ.”

“ನಿಮ್ಮ ಕಣ್ಣಿಗಿಂತ ಯಂತ್ರದ ಕಣ್ಣು ನಂಬಿಕೆಯದು” ಎಂದು ಹೇಳಿ ಹಿಂತಿರುಗಿದೆನು. ಕುಲುಮೆಯ ಬಾಗಿಲಿನ ಇಣುಕುಕಂಡಿಯಲ್ಲಿ ನಾನು ಇಣುಕಲಿಲ್ಲ. ಇಣುಕಿದ್ದರೆ ತಿಳಿಯುತ್ತಿತ್ತು, 850 ಡಿಗ್ರಿಯ ಉಕ್ಕು ಕೆಂಪಗಿರುತ್ತದೆ, ಕಿತ್ತಳೆಯ ಬಣ್ಣಕ್ಕೆ ಬರಬೇಕಾದರೆ ಇನ್ನೂ ನೂರು ಡಿಗ್ರಿಯಷ್ಟು ಏರಬೇಕು.

ಎರಡಕ್ಕೆ 810, ಮೂರಕ್ಕೂ 810. ಗುರಿ ಮುಟ್ಟಲಿಲ್ಲವೆಂದು ನಿಯಂತ್ರಕವು ಪೂರ್ತಿ ವಿದ್ಯುತ್ತನ್ನು ಒಡ್ಡುತ್ತಲೇ ಇತ್ತು. ಅದು ತನ್ನ ಧರ್ಮವನ್ನೇ ಮಾಡುತ್ತಿತ್ತು; ಸುದ್ದಿ ಸುಳ್ಳಾಗಿತ್ತು. 870ರ ಎಚ್ಚರಿಕೆಯೂ ಅದೇ ಥರ್ಮೊಕಪಲ್ಲಿನ ಸುದ್ದಿಯನ್ನೇ ಕೇಳುವುದರಿಂದ, ಕುಲುಮೆ ಎಷ್ಟು ಕಾದರೂ ಅದಕ್ಕೆ ಗೊತ್ತಾಗುವಂತಿರಲಿಲ್ಲ. ತಂತಿ ಕಡಿದುಹೋಗಿದ್ದರೆ ಯಂತ್ರವು ಅದನ್ನು ಕಂಡುಹಿಡಿದು ವಿದ್ಯುತ್ತನ್ನು ನಿಲ್ಲಿಸುತ್ತಿತ್ತು, ತಂತಿ ಕಡಿದಿರಲಿಲ್ಲ. ಆ ರಾತ್ರಿ ನಿಜವನ್ನು ಹೇಳುತ್ತಿದ್ದುದು ಕೆಳಗಣ ಎಚ್ಚರಿಕೆಯೊಂದೇ. ಇಷ್ಟು ಹೊತ್ತು 835ರ ಕೆಳಗೆ ಇರುವುದು ಸಹಜವಲ್ಲ ಎಂದು ಅದು ಹನ್ನೊಂದೂಕಾಲಿನಿಂದ ಬಡಿದುಕೊಳ್ಳುತ್ತಲೇ ಇತ್ತು. ಅದರ ಬಾಯಿಗೆ ನಾನು ಹತ್ತಿಯನ್ನು ತುರುಕಿದ್ದೆನು. ಕೆಂಪು ದೀಪ ಉರಿಯುತ್ತಿತ್ತು, ನಿಜ. ದಿನಕ್ಕೆ ಹತ್ತು ಸಲ ಉರಿಯುವ ದೀಪವನ್ನು ಯಾರು ನೋಡುತ್ತಾರೆ?

ನಾಲ್ಕಕ್ಕೆ ಮೇಸ್ತ್ರಿ ಯಾರನ್ನೂ ಕೇಳದೆ ಕುಲುಮೆಯ ದೊಡ್ಡ ಸ್ವಿಚ್ಚನ್ನು ಇಳಿಸಿಬಿಟ್ಟರು. ನಾನು ಓಡಿಬಂದು ಕೂಗಾಡಿದೆನು. ಅವರು ಒಂದು ಮಾತನ್ನೂ ಆಡದೆ ಇಣುಕುಕಂಡಿಯತ್ತ ಕೈತೋರಿದರು. ಆಗ ನೋಡಿದೆನು. ಒಳಗೆ ಹಳದಿಗೆ ತಿರುಗುತ್ತಿದ್ದ ಬೆಳಕು.

ಸರಕೆಲ್ಲ ಹಾಳಾಯಿತು. ಹೊರಮೈ ಹೊಪ್ಪಳೆ ಎದ್ದು ಅಳತೆ ಕೆಟ್ಟಿತ್ತು. ಕುಲುಮೆ ಸಾವಿರ ಡಿಗ್ರಿಯ ಹತ್ತಿರಕ್ಕೆ ಹೋಗಿತ್ತೆಂದು ಬಲ್ಲವರು ಅಂದಾಜು ಮಾಡಿದರು. ಇನ್ನೆರಡು ಗಂಟೆ ಹಾಗೆಯೇ ಬಿಟ್ಟಿದ್ದರೆ ಕಾಯುವ ತಂತಿಗಳೂ ಹೋಗುತ್ತಿದ್ದವು. ಅವನ್ನು ಉಳಿಸಿದವರು ಮೇಸ್ತ್ರಿ. ವಿಚಾರಣೆಯಲ್ಲಿ ಮೂರು ಸಂಗತಿಗಳು ಬಂದವು. ಪುಸ್ತಕದಲ್ಲಿ ಗಂಟೆಗಂಟೆಗೂ ಅಂಕಿ ಬರೆದವರು ಮೇಸ್ತ್ರಿ. ಅಪ್ಪಣೆಯಿಲ್ಲದೆ ಕುಲುಮೆಯನ್ನು ಆರಿಸಿದವರು ಮೇಸ್ತ್ರಿ. ಗಂಟೆಯೊಳಗೆ ಹತ್ತಿ ಸಿಕ್ಕಿತು, ಆದಕಾರಣ ಅದನ್ನು ತುರುಕಿದವರೂ ಕುಲುಮೆಯ ಕೆಲಸಗಾರರೇ ಇರಬೇಕು. ಥರ್ಮೊಕಪಲ್ ಸರಿದುದು ಬಂಡಿಯ ಆಕಸ್ಮಿಕವೆಂದು ಬರೆದರು. ನಾನು ಅಲ್ಲಿಯೇ ನಿಂತಿದ್ದೆನು. ಮೇಸ್ತ್ರಿ ಒಮ್ಮೆ ನನ್ನ ಮುಖವನ್ನು ನೋಡಿ ನೆಲವನ್ನು ನೋಡಿದರು. ನಾನು ಬಾಯಿ ಬಿಡಲಿಲ್ಲ. ಅವರಿಗೆ ಸಂಬಳವಿಲ್ಲದೆ ಒಂದು ವಾರ ಮನೆಯಲ್ಲಿರಲು ಆಜ್ಞೆಯಾಯಿತು.

ಆ ಒಂದು ವಾರ ನಾನು ಕುಲುಮೆಯ ಮುಂದೆ ನಿಂತು ಕೆಲಸಮಾಡಿದೆನು. ಹತ್ತಿ ತೆಗೆದ ಗಂಟೆ ಮತ್ತೆ ಮೊದಲಿನಂತೆ ಪಾಳಿಗೆ ನಾಲ್ಕು ಸಲ ಹೊಡೆಯುತ್ತಿತ್ತು. ಈಗ ಅದು ಹೊಡೆದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ವಾರ ಕಳೆದು ಮೇಸ್ತ್ರಿ ಬಂದರು. ಎಂದಿನಂತೆ “ನಮಸ್ಕಾರ ಸಾರ್” ಎಂದರು. ಆ ನಮಸ್ಕಾರವನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಮತ್ತೆ ಹತ್ತು ಹನ್ನೆರಡು ದಿನ ತಡಮಾಡಿ, ಕೊನೆಗೆ ಮೇಲಧಿಕಾರಿಗಳ ಕೊಠಡಿಗೆ ಹೋಗಿ ಹತ್ತಿಯ ಮಾತು, ತಿರುಪಿನ ಮಾತು, ರಾತ್ರಿ ಒಂದು ಗಂಟೆಯ ಮಾತು, ಎಲ್ಲವನ್ನೂ ಹೇಳಿದೆನು. ಅವರು ನನಗೆ ಎಚ್ಚರಿಕೆಯ ಪತ್ರವನ್ನು ಕೊಟ್ಟು, ಮೇಸ್ತ್ರಿಯ ಮೇಲಿನ ಆಜ್ಞೆಯನ್ನು ತೆಗೆದುಹಾಕಿದರು. ಹಿಡಿದಿದ್ದ ಸಂಬಳ ಮುಂದಿನ ತಿಂಗಳು ಬಂತು. ಅವರು ಕೆಲಸವಿಲ್ಲದೆ ಊರವರ ಕಣ್ಣೆದುರು ಜಗಲಿಯ ಮೇಲೆ ಕುಳಿತ ಆ ಏಳು ದಿನಗಳನ್ನು ಯಾವ ಕಚೇರಿಯೂ ಹಿಂದಕ್ಕೆ ಕೊಡಲಾರದು.

ಆಮೇಲೆ ನಾವಿಬ್ಬರೂ ಸೇರಿ ಎಚ್ಚರಿಕೆಗಳನ್ನು ಹೊಸದಾಗಿ ಗೊತ್ತುಮಾಡಿದೆವು. ಸರಕಿಟ್ಟ ಮೇಲೆ ಬಿಸಿ ಮತ್ತೆ ಮೇಲೇರಲು ಸಹಜವಾಗಿ ಎಷ್ಟು ಹೊತ್ತು ಬೇಕೆಂದು ಹಲವು ಸರಕುಗಳಿಗೆ ಅಳೆದೆವು. ಆ ಹೊತ್ತು ಕಳೆದರೂ ಏರದಿದ್ದರೆ ಮಾತ್ರ ಕೆಳಗಣ ಗಂಟೆ ಹೊಡೆಯುವಂತೆ ಕಾಲಮಾಪಕವೊಂದನ್ನು ನಡುವೆ ಸೇರಿಸಿದೆವು. ಹೊಡೆಯಲು ತೊಡಗುವ ಬಿಸಿಗೂ ನಿಲ್ಲುವ ಬಿಸಿಗೂ ಐದು ಡಿಗ್ರಿಯ ಅಂತರವನ್ನಿಟ್ಟೆವು. ಅಂಚಿನಲ್ಲಿ ಅಲುಗಾಡಿ ಹೊಡೆಯುವುದು ತಪ್ಪಿತು. ಮೇಲಣ ಎಚ್ಚರಿಕೆಗೆ ಬೇರೊಂದು ದನಿಯ ಗಂಟೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆಯೇ ಒಂದು ಥರ್ಮೊಕಪಲ್, ಅದಕ್ಕೆ ಬೇರೆಯೇ ಒಂದು ಯಂತ್ರ. ಮೊದಲನೆಯದು ಏನನ್ನೇ ಹೇಳಲಿ, ಎರಡನೆಯದು ಮಿತಿ ಮೀರಿದುದನ್ನು ಕಂಡರೆ ವಿದ್ಯುತ್ತನ್ನು ತಾನೇ ಕಡಿದುಹಾಕುತ್ತದೆ. ಮನುಷ್ಯನು ಬಂದು ಒಪ್ಪಿ ಗುಂಡಿ ಒತ್ತುವ ತನಕ ಮತ್ತೆ ಕೊಡುವುದಿಲ್ಲ. ಅದರ ರಿಲೇಯನ್ನು, ಕರೆಂಟು ಹೋದರೂ ತಂತಿ ಕಡಿದರೂ ಅಪಾಯವೆಂದೇ ಎಣಿಸುವಂತೆ ಜೋಡಿಸಿದೆವು. ಅಂದಿನಿಂದ ಗಂಟೆ ಹೊಡೆಯುವುದು ತಿಂಗಳಿಗೆ ಒಂದೆರಡು ಸಲಕ್ಕೆ ಇಳಿಯಿತು. ಹೊಡೆದಾಗ ಎಲ್ಲರೂ ತಲೆಯೆತ್ತಿದರು.

ನನ್ನದು ಸಣ್ಣ ಊರಿನ ಸಣ್ಣ ಕಥೆ. ದೊಡ್ಡ ಕಡೆಗಳಲ್ಲಿಯೂ ಇದೇ ನಡೆದಿದೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅವಘಡವಾದಾಗ, ಮೊದಲ ಕೆಲವು ನಿಮಿಷಗಳಲ್ಲಿಯೇ ನೂರಕ್ಕೂ ಮೇಲ್ಪಟ್ಟು ಎಚ್ಚರಿಕೆಗಳು ಮೊಳಗಿದವು. ಯಾವುದು ಮುಖ್ಯವೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. 1994ರ ಜುಲೈ 24ರಂದು ವೇಲ್ಸ್ ದೇಶದ ಮಿಲ್ಫರ್ಡ್ ಹೇವನ್ನಿನ ತೈಲ ಶುದ್ಧೀಕರಣಾಗಾರವೊಂದರಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಕೊನೆಯ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಕೆಲಸಗಾರರ ಮುಂದೆ 275 ಎಚ್ಚರಿಕೆಗಳು ಬಂದಿದ್ದವೆಂದು ಆಮೇಲಿನ ತನಿಖೆ ಹೇಳಿತು. ಇಂಥವುಗಳಿಂದ ಪಾಠ ಕಲಿತು, 1999ರಲ್ಲಿ ಬ್ರಿಟನ್ನಿನ ಎಂಜಿನಿಯರುಗಳು ಒಂದು ಕೈಪಿಡಿಯನ್ನು ಹೊರತಂದರು. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಒಬ್ಬ ಕೆಲಸಗಾರನಿಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಎಚ್ಚರಿಕೆ ಬರಕೂಡದೆಂಬುದು ಅದರ ಅಳತೆ. ಕೇಳಿದವನು ಏನನ್ನಾದರೂ ಮಾಡಬೇಕಾಗಿಲ್ಲದ ಗಂಟೆ ಎಚ್ಚರಿಕೆಯೇ ಅಲ್ಲವೆಂಬುದು ಅದರ ತಿರುಳು. ತೋಳ ಬಂತೆಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆಯನ್ನು ಶಾಲೆಯಲ್ಲಿ ನಾವೆಲ್ಲರೂ ಓದಿದ್ದೇವೆ. ಆ ಕಥೆಯಲ್ಲಿ ತಪ್ಪು ಹುಡುಗನದು. ನನ್ನ ಕಥೆಯಲ್ಲಿ ಗಂಟೆಗೆ ಸುಮ್ಮಸುಮ್ಮನೆ ಕೂಗುವುದನ್ನು ಕಲಿಸಿದವನೂ ನಾನೇ, ಅದರ ಬಾಯಿ ಕಟ್ಟಿದವನೂ ನಾನೇ.

ಉಪಾಧ್ಯಾಯರು ಇದನ್ನು ಓದಿದರೆ, ಇಡೀ ದಿನ ಗದರುವ ಗುರುವಿನ ಮಾತು ತರಗತಿಯಲ್ಲಿ ಏನಾಗುತ್ತದೆಂದು ಅವರೇ ಬಲ್ಲರು; ನಾನು ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳಿಗೆ ಮಾತ್ರ ಮೇಸ್ತ್ರಿಯ ಒಂದು ಮಾತನ್ನು ಒಪ್ಪಿಸಿ ಮುಗಿಸುತ್ತೇನೆ. ಸಂಬಳ ಹಿಂದಕ್ಕೆ ಬರುವುದಕ್ಕೆ ಮೊದಲು ನಾನು ಅವರ ಏಳು ದಿನದ ದುಡ್ಡನ್ನು ನನ್ನ ಕೈಯಿಂದ ಕೊಡಲು ಹೋಗಿದ್ದೆನು. ಅವರು ನೋಟುಗಳನ್ನು ಮಡಿಚಿ ನನ್ನ ಜೇಬಿನಲ್ಲಿಯೇ ತಿರುಗಿ ಇಟ್ಟರು.

“ದುಡ್ಡು ಬ್ಯಾಡ ಸಾರ್. ಇನ್ನು ಮ್ಯಾಕೆ ನಾನು ಕರೆದಾಗ ಬಂದು ಕಿಟಕಿಯಾಗೆ ಒಂದ್ಸಲ ನೋಡಿ. ಅಷ್ಟು ಸಾಕು.”

ಅವರು ನಿವೃತ್ತರಾಗುವ ತನಕ, ಕರೆದಾಗಲೆಲ್ಲ ಹೋಗಿ ನೋಡಿದೆನು. ಬಹಳ ಸಲ ಮುಳ್ಳೂ ಅವರ ಕಣ್ಣೂ ಒಂದನ್ನೇ ಹೇಳುತ್ತಿದ್ದವು. ಹಾಗೆ ಹೇಳದ ದಿನ ಮೊದಲು ಯಂತ್ರವನ್ನು ಬಿಚ್ಚಿ ನೋಡುತ್ತಿದ್ದೆನು.